ಜನರಿಲ್ಲದ ಹಡಗು

ಮಂಗಳೂರಿನಲ್ಲಿ ನನಗೊಬ್ಬರು ಹಿರಿಯ ಸ್ನೇಹಿತರಿದ್ದಾರೆ. ಮೂವತ್ತು ವರ್ಷ ಸರಕು ಹಡಗುಗಳ ಇಂಜಿನ್ ರೂಮಿನಲ್ಲಿ ದುಡಿದು ನಿವೃತ್ತರಾದ ಬ್ಯಾರಿ ಇಂಜಿನಿಯರು. ಕಡಲು ಸಾಕಪ್ಪಾ ಎಂದು ಮನೆ ಸೇರಿದವರು ಈಗ ಮಹಡಿಯ ಕೋಣೆಯೊಂದರಲ್ಲಿ ಕುಳಿತು ಹಡಗುಗಳನ್ನೇ ಮಾಡುತ್ತಾರೆ. ಅವೂ ಸರಕಿನ ಹಡಗುಗಳಲ್ಲ, ಯುದ್ಧದ ಹಡಗುಗಳು. ಪ್ಲಾಸ್ಟಿಕ್ ಬಿಡಿಭಾಗಗಳ ಪೆಟ್ಟಿಗೆ ತರಿಸಿಕೊಂಡು, ಒಂದೊಂದನ್ನೂ ಕತ್ತರಿಸಿ, ಉಜ್ಜಿ, ಅಂಟಿಸಿ, ಬಣ್ಣ ಹಾಕಿ ನಿಜವಾದ ಹಡಗಿನ ಮುನ್ನೂರೈವತ್ತರಲ್ಲಿ ಒಂದು ಪಾಲಿನಷ್ಟು ಗಾತ್ರದ ಪ್ರತಿಕೃತಿಯನ್ನು ನಿಲ್ಲಿಸುತ್ತಾರೆ. ಒಂದು ಹಡಗಿಗೆ ವರ್ಷ, ಕೆಲವೊಮ್ಮೆ ಎರಡು ವರ್ಷ ಹಿಡಿಯುತ್ತದೆ.

ಕಳೆದ ಸಲ ಹೋದಾಗ ಅವರು ಜಪಾನಿನ ಯಮಾಟೊ ಹಡಗನ್ನು ಮುಗಿಸಿದ್ದರು. ಮುಕ್ಕಾಲು ಮೀಟರ್ ಉದ್ದ. ಡೆಕ್ಕಿನ ಮೇಲಿನ ಮರದ ಹಲಗೆಗಳ ಗೆರೆ, ಹಲಗೆಯಿಂದ ಹಲಗೆಗೆ ತುಸು ಬೇರೆಯಾಗುವ ಬಣ್ಣ, ಲಂಗರಿನ ಸರಪಳಿ ಉಜ್ಜಿ ಉಜ್ಜಿ ಸವೆದ ಗುರುತು, ಪಕ್ಕದಲ್ಲಿ ಇಳಿದ ತುಕ್ಕಿನ ನೀರು ಎಲ್ಲವೂ ಇದ್ದವು. ಅಂಚಿನ ಕಂಬಿಗಳು ಹಿತ್ತಾಳೆಯ ತೆಳು ತಗಡಿನವು, ಉಸಿರು ಜೋರಾಗಿ ಬಿಟ್ಟರೆ ಬಾಗುವಂಥವು. ಕಂಬದಿಂದ ಕಂಬಕ್ಕೆ ಎಳೆದ ತಂತಿಗಳನ್ನು ಅವರೇ ತಯಾರಿಸಿದ್ದು. ಮಿಕ್ಕ ಪ್ಲಾಸ್ಟಿಕ್ ಕಡ್ಡಿಯನ್ನು ಮೋಂಬತ್ತಿಯ ಮೇಲೆ ಹಿಡಿದು, ಮೆತ್ತಗಾದ ಕ್ಷಣಕ್ಕೆ ಎರಡೂ ಕೈಗಳಿಂದ ಎಳೆದರೆ ಕೂದಲಿನಷ್ಟು ಸಣ್ಣ ಎಳೆ ಬರುತ್ತದೆ. ನನ್ನೆದುರಿಗೇ ಒಂದು ಎಳೆದು ತೋರಿಸಿದರು. ಇಂಜಿನ್ ಎಣ್ಣೆಯಲ್ಲಿ ಬೆಂದು ದಪ್ಪಗಾದ ಆ ಬೆರಳುಗಳಿಂದ ಅಂಥ ನವಿರು ಕೆಲಸ ಹೇಗೆ ಆಗುತ್ತದೆಂದು ನಾನು ಬೆರಗಾದೆ. ಮೊದಲು ಮೆಚ್ಚಿಗೆಯೇ ಬಂದದ್ದು, ಪ್ರಶ್ನೆಯಲ್ಲ. ಅದನ್ನು ಮುಚ್ಚಿಡಬೇಕಾಗಿಲ್ಲ.

ಸ್ವಲ್ಪ ಹೊತ್ತು ನೋಡಿದ ಮೇಲೆ ಏನೋ ಕೊರೆ ಕಾಣಿಸಿತು. "ಇದರಲ್ಲಿ ಮನುಷ್ಯರೇ ಇಲ್ಲವಲ್ಲ ಸಾಹೇಬರೆ?" ಎಂದೆ.

"ಇದ್ದಾರೆ ಮಾರಾಯ್ರೆ, ಡ್ರಾಯರಿನಲ್ಲಿದ್ದಾರೆ" ಎಂದು ಮೇಜಿನ ಖಾನೆ ಎಳೆದರು. ಅಂಚೆಚೀಟಿಯ ಹಾಳೆಯಂಥ ಒಂದು ಹಿತ್ತಾಳೆ ತಗಡು. ಅದರ ತುಂಬ ಸಾಲುಸಾಲಾಗಿ ನಾವಿಕರು. ನಿಂತವರು, ಸಲ್ಯೂಟ್ ಹೊಡೆಯುವವರು, ಹಗ್ಗ ಎಳೆಯುವವರು. ಒಬ್ಬೊಬ್ಬನೂ ಒಂದು ಜೀರಿಗೆ ಕಾಳಿನಷ್ಟು. ಒಬ್ಬನನ್ನೂ ತಗಡಿನಿಂದ ಕತ್ತರಿಸಿರಲಿಲ್ಲ. "ಪಕ್ಕದ ಕೋಣೆಯಲ್ಲಿ ನಮ್ಮ ಮನೆಯವರು ನಮಾಝ್ ಮಾಡುವುದು. ಹಡಗಿಗೆ ಅವರ ತಕರಾರಿಲ್ಲ. ಆದರೆ ಮನುಷ್ಯರ ಗೊಂಬೆ ಬೇಡ ಎಂದರು. ನನಗೂ ಹೌದೆನಿಸಿತು."

ಈ ಮಾತಿನ ಹಿಂದಿರುವುದು ನಮ್ಮ ಓದುಗರಿಗೆ ಗೊತ್ತಿರುವ ವಿಚಾರವೇ. ಜೀವವಿರುವುದರ ರೂಪ ಮಾಡುವುದರ ಬಗ್ಗೆ ಹದೀಸ್‌ಗಳಲ್ಲಿ ಎಚ್ಚರಿಕೆಯಿದೆ. ಚಿತ್ರ ಮಾಡಿಯೇ ಹೊಟ್ಟೆ ಹೊರೆಯುತ್ತಿದ್ದ ಒಬ್ಬ ಮನುಷ್ಯ ಇಬ್ನು ಅಬ್ಬಾಸ್(ರ) ಅವರ ಬಳಿ ಬಂದಾಗ, ಮಾಡಲೇಬೇಕೆಂದಿದ್ದರೆ ಮರಗಳನ್ನು, ಪ್ರಾಣವಿಲ್ಲದ ವಸ್ತುಗಳನ್ನು ಮಾಡು ಎಂದು ಅವರು ದಾರಿ ತೋರಿಸಿದ ಪ್ರಸಂಗ ಬುಖಾರಿಯಲ್ಲಿದೆ. ಇನ್ನೊಂದು ಕಡೆ ಆಯಿಶಾ(ರ) ಅವರ ಗೊಂಬೆಗಳ ಪ್ರಸಂಗವೂ ಇದೆ. ಅವುಗಳ ನಡುವೆ ರೆಕ್ಕೆಯಿದ್ದ ಒಂದು ಕುದುರೆ, ಕುದುರೆಗೆಲ್ಲಿಯ ರೆಕ್ಕೆ ಎಂದು ಕೇಳಿದರೆ, ಸುಲೈಮಾನರ ಕುದುರೆಗಳಿಗೆ ಇತ್ತಲ್ಲ ಎಂಬ ಉತ್ತರ ಬಂತು, ಪ್ರವಾದಿ(ಸ) ನಕ್ಕುಬಿಟ್ಟರು. ಆಟಕ್ಕೆ ಅಷ್ಟು ಜಾಗ ನಮ್ಮ ದೀನಿನಲ್ಲಿದೆ. ವಿದ್ವಾಂಸರು ಈ ಎರಡರ ನಡುವೆ ಎಲ್ಲಿ ಗೆರೆ ಎಳೆಯಬೇಕೆಂದು ಸಾವಿರ ವರ್ಷಗಳಿಂದ ಚರ್ಚಿಸಿದ್ದಾರೆ. ಅದಕ್ಕೆ ಕೈ ಹಾಕುವಷ್ಟು ಇಲ್ಮ್ ನನಗಿಲ್ಲ.

ನನ್ನನ್ನು ಕಾಡಿದ್ದು ಬೇರೆ ಸಂಗತಿ. ಈ ಲೆಕ್ಕದಲ್ಲಿ ಹತ್ತಾರು ಕಿಲೋಮೀಟರ್ ದೂರದ ಮನುಷ್ಯರನ್ನು ಕೊಲ್ಲಲು ಮಾಡಿದ ಫಿರಂಗಿಗೆ ಆಕ್ಷೇಪವಿಲ್ಲ. ಆ ಫಿರಂಗಿಯ ಪಕ್ಕ ನಿಂತ ಜೀರಿಗೆ ಕಾಳಿನಷ್ಟು ಹುಡುಗನಿಗೆ ಆಕ್ಷೇಪವಿದೆ. ಸ್ನೇಹಿತರ ಮನೆಯವರನ್ನು ನಾನು ತಪ್ಪು ಹಿಡಿಯುತ್ತಿಲ್ಲ. ಅವರು ತಮ್ಮ ನಮಾಝಿನ ಜಾಗವನ್ನು ಶುದ್ಧವಾಗಿಟ್ಟುಕೊಂಡರು, ಅಷ್ಟೆ. ಆದರೆ ಯಾವ ದೀನಿನ ಕಟ್ಟೂ ಇಲ್ಲದ ಯುರೋಪಿನ, ಅಮೆರಿಕದ, ಜಪಾನಿನ ಹವ್ಯಾಸಿಗಳೂ ಹೆಚ್ಚುಪಾಲು ಹಡಗುಗಳನ್ನು ಹೀಗೇ ಖಾಲಿ ಬಿಡುತ್ತಾರೆ. ಮ್ಯೂಸಿಯಮ್ಮುಗಳ ಗಾಜಿನ ಪೆಟ್ಟಿಗೆಯೊಳಗಿನವೂ ಬಹುಮಟ್ಟಿಗೆ ಖಾಲಿಯೇ. ಅಷ್ಟು ಸಣ್ಣ ಮನುಷ್ಯರು ಚೆನ್ನಾಗಿ ಮೂಡುವುದಿಲ್ಲ, ಹಡಗಿನ ಅಂದ ಕೆಡುತ್ತದೆ ಎಂಬುದು ಕಸುಬಿನ ಕಾರಣ. ಕಾರಣ ಸರಿಯಾದದ್ದೇ. ಆದರೂ ಯುದ್ಧದ ಹಡಗಿನಿಂದ ಮನುಷ್ಯನನ್ನು ತೆಗೆದ ಮೇಲೆ ಉಳಿಯುವುದು ಏನು?

ಲೆಕ್ಕ ಹಾಕಿ ನೋಡಿ. ಯಮಾಟೊ 263 ಮೀಟರ್ ಉದ್ದದ ಹಡಗು. ಸರಕು, ಮದ್ದುಗುಂಡು ತುಂಬಿದಾಗ ಎಪ್ಪತ್ತು ಸಾವಿರ ಟನ್ನಿಗೂ ಹೆಚ್ಚು ತೂಕ. 46 ಸೆಂಟಿಮೀಟರ್ ಬಾಯಿಯ ಒಂಬತ್ತು ಫಿರಂಗಿಗಳು. ಅಷ್ಟು ದೊಡ್ಡ ಫಿರಂಗಿಯನ್ನು ಬೇರಾವ ದೇಶದ ಯುದ್ಧನೌಕೆಯೂ ಹೊತ್ತಿರಲಿಲ್ಲ. 1945ರ ಏಪ್ರಿಲ್ 6ರಂದು ಅದನ್ನು ಓಕಿನಾವಾ ಕಡೆಗೆ ಕಳಿಸಿದರು. ಮೇಲೆ ಕಾವಲಿಗೆ ವಿಮಾನಗಳಿರಲಿಲ್ಲ. ಅದು ಮರಳಿ ಬರುವ ಯಾತ್ರೆಯಲ್ಲವೆಂದು ಕಳಿಸಿದವರಿಗೂ ಗೊತ್ತಿತ್ತು, ಹೋದವರಿಗೂ ಗೊತ್ತಿತ್ತು. ಮರುದಿನ ಮಧ್ಯಾಹ್ನ ಅಮೆರಿಕದ ವಿಮಾನಗಳು ಎರಡು ಗಂಟೆಯ ಆಸುಪಾಸಿನಲ್ಲಿ ಅದನ್ನು ಮುಳುಗಿಸಿದವು. ಸುಮಾರು ಮೂರು ಸಾವಿರ ಜನ ಸತ್ತರು. ಬದುಕಿ ಬಂದವರು ಮುನ್ನೂರಕ್ಕೂ ಕಡಿಮೆ.

ಸ್ನೇಹಿತರ ಅಳತೆಯಲ್ಲಿ ಮೂರು ಸಾವಿರ ಜೀರಿಗೆ ಕಾಳೆಂದರೆ ಒಂದು ಮುಷ್ಟಿಯೂ ತುಂಬುವುದಿಲ್ಲ. ಏಳುನೂರರಲ್ಲಿ ಒಂದು ಪಾಲಿನ ಇನ್ನೂ ಚಿಕ್ಕ ಮಾದರಿಗಳೂ ಇವೆ. ಅದರಲ್ಲಿ ಮನುಷ್ಯ ಸಾಸಿವೆ ಕಾಳಿಗಿಂತ ತುಸು ಎತ್ತರ. ಸಾಸಿವೆಯಷ್ಟು ಸಣ್ಣ ಕರ್ಮವನ್ನೂ ತಂದು ತೂಕಕ್ಕಿಡುವ ಮಾತು ಕುರ್‌ಆನಿನಲ್ಲಿ ಬರುತ್ತದೆ. ಆ ತಕ್ಕಡಿ ನಮ್ಮ ಕೈಯಲ್ಲಿಲ್ಲ. ನಮ್ಮ ಕೈಯಲ್ಲಿರುವುದು ಸ್ಕೇಲು, ಚಿಮಟ, ಬಣ್ಣದ ಡಬ್ಬಿ.

ಬಣ್ಣದ ಡಬ್ಬಿಯ ಮಾತು ಬಂತು. ಈ ಹವ್ಯಾಸದವರ ನಿಖರತೆಯ ಹಟ ಅದ್ಭುತವಾದದ್ದು. ಜಪಾನಿನ ಟಮಿಯಾ ಕಂಪೆನಿ ಯುದ್ಧಕಾಲದ ನೌಕೆಗಳಿಗೆಂದೇ ಬೇರೆ ಬೇರೆ ಬೂದು ಬಣ್ಣ ಮಾರುತ್ತದೆ. ಕುರೆ ಕಾರ್ಖಾನೆಯ ಬೂದು ಒಂದು, ಸಸೆಬೋ ಕಾರ್ಖಾನೆಯ ಬೂದು ಇನ್ನೊಂದು. ಯಮಾಟೊ ಕಟ್ಟಿದ್ದು ಕುರೆಯಲ್ಲಿ, ಆದ್ದರಿಂದ ಕುರೆಯ ಬೂದೇ ಬೇಕು. ತಪ್ಪು ಬೂದು ಹಾಕಿದವನಿಗೆ ಉಳಿದವರು ನಯವಾಗಿಯೇ ತಿದ್ದಿ ಹೇಳುತ್ತಾರೆ. ನನ್ನ ಸ್ನೇಹಿತರು ಒಂದೇ ಒಂದು ಕಿಂಡಿ ಎರಡು ಮಿಲಿಮೀಟರ್ ಹಿಂದೆ ಬಿತ್ತೆಂದು ಒಂದು ವಾರದ ಕೆಲಸ ಕಿತ್ತು ಹಾಕಿದ್ದನ್ನು ಹೇಳಿಕೊಂಡರು. ಇದನ್ನು ಕೇಳಿ ನಗುವವರಿದ್ದಾರೆ. ನನಗೆ ನಗು ಬರಲಿಲ್ಲ. ಯಾರೂ ನೋಡದಿದ್ದರೂ ಸರಿಯಾಗಿಯೇ ಮಾಡಬೇಕೆಂಬ ಹಟ ನಮ್ಮ ಕಾಲದಲ್ಲಿ ಅಪರೂಪವಾಗಿದೆ. ನಮ್ಮ ಊರಿನ ಹಳೆಯ ದರ್ಜಿಗಳಲ್ಲಿ, ಕಿತಾಬು ಕಟ್ಟುವವರಲ್ಲಿ ಅದನ್ನು ಕಂಡಿದ್ದೆ. ನಮ್ಮಲ್ಲಿ ಅದಕ್ಕೆ ಇಹ್ಸಾನ್ ಎಂಬ ಮಾತಿದೆ.

ಆದರೆ ಇಹ್ಸಾನಿನ ಬಗ್ಗೆ ಇರುವ ಪ್ರಸಿದ್ಧ ಹದೀಸ್ ನೆನಪಾದಾಗ ನನ್ನ ಯೋಚನೆ ತಿರುಗಿತು. ಎಲ್ಲದರಲ್ಲೂ ಇಹ್ಸಾನ್ ಇರಬೇಕು, ಪ್ರಾಣಿಯನ್ನು ಕೊಯ್ಯುವಾಗಲೂ ಇರಬೇಕು, ಅದಕ್ಕಾಗಿ ಕತ್ತಿಯನ್ನು ಹರಿತ ಮಾಡಿಕೊಳ್ಳಬೇಕು ಎನ್ನುವುದು ಅದರ ತಾತ್ಪರ್ಯ. ಇಲ್ಲಿ ಕತ್ತಿ ಚೆನ್ನಾಗಿರಬೇಕಾದದ್ದು ಕತ್ತಿಯ ಚೆಂದಕ್ಕಲ್ಲ, ಹಿಡಿದವನ ಹೆಮ್ಮೆಗೂ ಅಲ್ಲ. ಕೊಯ್ಯಿಸಿಕೊಳ್ಳುವ ಪ್ರಾಣಿಗೆ ನೋವು ಕಡಿಮೆಯಾಗಲೆಂದು. ಅಂದರೆ ಕೆಲಸದ ಅಚ್ಚುಕಟ್ಟು ಕೆಲಸ ಮಾಡುವವನ ಕಡೆಗೆ ಮುಖ ಮಾಡಿಲ್ಲ, ಅದನ್ನು ಸಹಿಸುವವನ ಕಡೆಗೆ ಮಾಡಿದೆ. ಈ ಅಳತೆಗೋಲು ಹಿಡಿದು ನೋಡಿದರೆ ನನ್ನ ಸ್ನೇಹಿತರ ಯಮಾಟೊ ಯಾರ ಕಡೆಗೆ ಮುಖ ಮಾಡಿ ನಿಂತಿದೆ?

ಆ ಹಡಗು ಜಪಾನಿನ ಮಕ್ಕಳ ಮೇಜಿಗೆ ಬಂದ ಕತೆ ಕೇಳುವಂಥದ್ದು. ಸೋತ ಜಪಾನ್ 1947ರಲ್ಲಿ ಜಾರಿಗೆ ಬಂದ ಸಂವಿಧಾನದ ಒಂಬತ್ತನೆಯ ವಿಧಿಯಲ್ಲಿ ಯುದ್ಧವನ್ನೇ ತ್ಯಜಿಸಿತು. ಶಿಜುವೊಕಾ ಪಟ್ಟಣದ ಟಮಿಯಾ 1946ರಲ್ಲಿ ಮರದ ವ್ಯಾಪಾರವಾಗಿ ಶುರುವಾದ ಸಂಸ್ಥೆ. ಆಮೇಲೆ ಮರದ ಆಟಿಕೆ ಮಾದರಿಗಳಿಗೆ ಇಳಿಯಿತು. 1960ರಲ್ಲಿ ಅದು ಮಾರುಕಟ್ಟೆಗೆ ತಂದ ಮೊಟ್ಟಮೊದಲ ಪ್ಲಾಸ್ಟಿಕ್ ಮಾದರಿ ಯಾವುದು? ಇದೇ ಯಮಾಟೊ. ಮುಳುಗಿ ಹದಿನೈದೇ ವರ್ಷವಾಗಿತ್ತು. ಅಂಟಿನ ಟ್ಯೂಬು ಹಿಡಿದು ಕುಳಿತ ಎಷ್ಟೋ ಹುಡುಗರ ಮನೆಯಲ್ಲಿ ನೌಕಾಪಡೆಯಿಂದ ಬಾರದ ದೊಡ್ಡಪ್ಪನೋ ಮಾವನೋ ಇದ್ದಿರಬೇಕು. 1971ರಲ್ಲಿ ಆ ಭಾಗದ ನಾಲ್ಕು ಕಂಪೆನಿಗಳು ಸೇರಿ ಏಳುನೂರರ ಅಳತೆಯಲ್ಲಿ ಸಾಮ್ರಾಜ್ಯದ ಹಡಗುಗಳನ್ನೆಲ್ಲ ಹಂಚಿಕೊಂಡು ಒಂದು ಮಾಲೆಯಾಗಿ ಹೊರತರತೊಡಗಿದವು. 1974ರಲ್ಲಿ ಟೆಲಿವಿಷನ್ ಕಾರ್ಟೂನಿನಲ್ಲಿ ಅದೇ ಯಮಾಟೊ ಕಡಲ ತಳದಿಂದೆದ್ದು ಆಕಾಶಕ್ಕೆ ಹಾರಿ ಮನುಕುಲವನ್ನೇ ಕಾಪಾಡಿತು. 2005ರಲ್ಲಿ ಕುರೆಯಲ್ಲಿ ಒಂದು ಮ್ಯೂಸಿಯಂ ತೆರೆಯಿತು. ಅಲ್ಲಿರುವುದು ಹತ್ತರಲ್ಲೊಂದು ಪಾಲಿನ ಮಾದರಿ, ಇಪ್ಪತ್ತಾರು ಮೀಟರಿಗೂ ಉದ್ದ. ಕುರೆ ಇರುವುದು ಹಿರೋಶಿಮಾ ಪ್ರಾಂತ್ಯದಲ್ಲಿ ಎಂಬುದನ್ನು ಮರೆಯಬಾರದು.

ಇದು ಯುದ್ಧದ ಹಂಬಲವೋ, ಕಳೆದುಕೊಂಡವರ ದುಃಖವೋ? ಹೊರಗಿನವನಾಗಿ ತೀರ್ಪು ಕೊಡುವುದು ಸುಲಭ. ಎರಡೂ ಒಂದೇ ಮೇಜಿನ ಮೇಲೆ, ಒಂದೇ ಅಂಟಿನಲ್ಲಿ ಸೇರಿಕೊಂಡಿರಬಹುದು ಎನಿಸುತ್ತದೆ.

ಅದೇ ಹಡಗಿನಿಂದ ಬದುಕಿ ಬಂದ ಯೋಶಿದಾ ಮಿತ್ಸುರು ಎಂಬ ಕಿರಿಯ ಅಧಿಕಾರಿ ಅದರ ಕೊನೆಯ ಯಾತ್ರೆಯ ಬಗ್ಗೆ ಒಂದು ಪುಸ್ತಕ ಬರೆದ. ದೇಶವನ್ನು ಆಳುತ್ತಿದ್ದ ಅಮೆರಿಕದ ಸೆನ್ಸಾರಿನವರು ಅದನ್ನು ತಡೆದರು. ಅದು ಪೂರ್ಣವಾಗಿ ಹೊರಬಂದದ್ದು 1952ರಲ್ಲಿ, ಆಕ್ರಮಿತ ಆಡಳಿತ ಮುಗಿದ ಮೇಲೆ. ಆ ಪುಸ್ತಕದಲ್ಲಿ ಹಡಗಿಗಿಂತ ಹೆಚ್ಚಾಗಿ ಇರುವುದು ಜನ. ತಾವು ಯಾಕಾಗಿ ಸಾಯುತ್ತಿದ್ದೇವೆಂದು ಹಡಗಿನೊಳಗೇ ವಾದಿಸಿಕೊಂಡ ಹುಡುಗರು. ಮಾದರಿ ಕಟ್ಟುವವರಲ್ಲಿ ಅದನ್ನು ಓದಿದವರೂ ಇದ್ದಾರೆ. ನನ್ನ ಸ್ನೇಹಿತರ ಕಪಾಟಿನಲ್ಲಿ ಅದರ ಇಂಗ್ಲಿಷ್ ಅನುವಾದ ಇತ್ತು. ನಡುವೆ ಅಲ್ಲಲ್ಲಿ ಬಣ್ಣ ಮೆತ್ತಿದ ಬೆರಳಿನ ಗುರುತು. ಆದ್ದರಿಂದ ಈ ಹವ್ಯಾಸದವರಿಗೆಲ್ಲ ಕಬ್ಬಿಣ ಮಾತ್ರ ಕಾಣುತ್ತದೆ, ಮನುಷ್ಯ ಕಾಣುವುದಿಲ್ಲ ಎಂದು ನಾನು ಬರೆದರೆ ಅದು ಸುಳ್ಳಾಗುತ್ತದೆ.

ಇಂಜಿನಿಯರ್ ಸಾಹೇಬರಿಗೆ ಏಳುನೂರರ ಆ ಮಾಲೆಯ ಮೇಲೆ ಒಂದು ಸಿಟ್ಟಿದೆ. ಅದರ ಹಡಗುಗಳು ನೀರಿನ ಗೆರೆಯವರೆಗೆ ಮಾತ್ರ ಇರುತ್ತವೆ. ಕೆಳಗೆ ಚಪ್ಪಟೆ. ಮೇಜಿನ ಮೇಲಿಟ್ಟರೆ ತೇಲುತ್ತಿರುವಂತೆ ಕಾಣಲೆಂದು. "ನಾನು ಮೂವತ್ತು ವರ್ಷ ಇದ್ದದ್ದು ಅವರು ಕತ್ತರಿಸಿ ಬಿಸಾಡಿದ ಭಾಗದಲ್ಲಿ" ಎಂದರು. ಯಮಾಟೊದ ಹನ್ನೆರಡು ಬಾಯ್ಲರುಗಳು ಇದ್ದದ್ದು ಅಲ್ಲೇ, ಕೆಳಗೆ. ಟಾರ್ಪಿಡೊ ಹೊಡೆಯುವುದು ಅಲ್ಲಿಗೇ. ನೀರು ನುಗ್ಗುವುದು ಅಲ್ಲಿಗೇ. ಮೇಲಕ್ಕೆ ಬರುವ ಮೆಟ್ಟಿಲು ಉದ್ದ, ಬಾಗಿಲುಗಳು ಭಾರ. ಅದಕ್ಕೇ ಅವರು ಎಷ್ಟೇ ದುಡ್ಡಾದರೂ ಪೂರ್ತಿ ಒಡಲಿನ ಮಾದರಿಯನ್ನೇ ತರಿಸುತ್ತಾರೆ. ಜನರನ್ನು ಹಚ್ಚದಿದ್ದರೂ ಜನ ಇದ್ದ ಜಾಗವನ್ನಾದರೂ ಬಿಡಬಾರದು ಎಂಬುದು ಅವರ ಲೆಕ್ಕವಿರಬೇಕು. ಹಾಗೆಂದು ಅವರು ಹೇಳಲಿಲ್ಲ, ಇದು ನನ್ನ ಊಹೆ.

ಇಷ್ಟು ಹೊತ್ತು ಅವರ ಮೇಜಿನ ಲೆಕ್ಕ ಕೇಳಿದವನು ನನ್ನ ಮೇಜಿನ ಲೆಕ್ಕವನ್ನೂ ಕೊಡಬೇಕು. ನಾನು ಕತೆ ಬರೆಯುವವನು. ಹಲವು ವರ್ಷಗಳ ಹಿಂದೆ ನಮ್ಮ ಊರಿನ ಗಲಭೆಯಲ್ಲಿ ನಮ್ಮದೇ ಓಣಿಯ ಹುಡುಗನೊಬ್ಬ ಸತ್ತ. ಬೆಳಿಗ್ಗೆ ಬ್ರೆಡ್ ತರಲು ಹೋದವನು. ನಾನು ಅದನ್ನು ಕತೆ ಮಾಡಿದೆ. ತಿಂಗಳುಗಟ್ಟಲೆ ತಿದ್ದಿದೆ. ಓಣಿಯ ಬೆಳಕು ಹೇಗಿತ್ತು, ಅರ್ಧ ಎಳೆದ ಶಟರಿನ ಸದ್ದು ಹೇಗಿತ್ತು, ಯಾವ ವಾಕ್ಯ ಎಲ್ಲಿ ನಿಲ್ಲಬೇಕು ಎಂದು ಕಿಂಡಿ ಕಿತ್ತು ಕಿಂಡಿ ಕೂರಿಸಿದೆ. ಪ್ರಕಟವಾದಾಗ ಎಷ್ಟು ಚೆನ್ನಾಗಿ ಬರೆದಿದ್ದೀರಿ ಎಂದು ಹತ್ತಾರು ಜನ ಹೇಳಿದರು. ಖುಷಿಯಾಯಿತು. ಅವನ ತಾಯಿಗೆ ಕನ್ನಡ ಓದಲು ಬಾರದು. ಒಂದು ಸಂಜೆ ಕರೆಸಿಕೊಂಡು, ಏನು ಬರೆದಿದ್ದೀಯೋ ಓದು ಎಂದರು. ದಖ್ಖನಿಯಲ್ಲಿ ಹೇಳುತ್ತಾ ಹೋದೆ. ಪೂರ್ತಿ ಕೇಳಿದರು. ಆಮೇಲೆ, "ನಾಂ ಕೈಕು ಬದಲ್ ದಿಯಾ ಬೇಟಾ?" ಎಂದರು. ಹೆಸರು ಯಾಕೆ ಬದಲಿಸಿದೆ ಮಗಾ ಎಂದು. ಕತೆಯಲ್ಲಿ ಹಾಗೇ ಮಾಡುವುದು ಖಾಲಾ ಎಂದೆ. ಅವರು ತಲೆಯಾಡಿಸಿ ಚಹಾ ಮಾಡಲು ಒಳಗೆ ಹೋದರು.

ಹೆಸರು ಬದಲಿಸಲು ನನಗೆ ಕಾರಣಗಳಿದ್ದವು. ಒಳ್ಳೆಯ ಕಾರಣಗಳೇ. ಹಡಗು ಕಟ್ಟುವವರಿಗೂ ಕಾರಣಗಳಿವೆಯಲ್ಲ.

ನಿಖರತೆ ಇಲ್ಲದಿದ್ದರೂ ಜನರನ್ನು ಒಳಗೆ ತಂದ ಮಾದರಿಗಳು ಲೋಕದಲ್ಲಿ ಇವೆ. ನೆಪೋಲಿಯನ್ ಯುದ್ಧಗಳ ಕಾಲದಲ್ಲಿ ಬ್ರಿಟಿಷರು ಸೆರೆ ಹಿಡಿದ ಸಾವಿರಾರು ಫ್ರೆಂಚ್ ಸೈನಿಕರನ್ನು, ನಾವಿಕರನ್ನು ಇಂಗ್ಲೆಂಡಿನಲ್ಲಿ ಕೂಡಿಟ್ಟಿದ್ದರು. ಪೀಟರ್‌ಬರೋ ಪಟ್ಟಣದ ಹತ್ತಿರ ನಾರ್ಮನ್ ಕ್ರಾಸ್ ಎಂಬಲ್ಲಿ 1797ರಲ್ಲಿ ಅವರಿಗೆಂದೇ ಒಂದು ಬಂದೀಖಾನೆ ತೆರೆಯಿತು. ಹದಿನೇಳು ವರ್ಷ ನಡೆಯಿತು. ಅಲ್ಲಿ ಸತ್ತ ಕೈದಿಗಳು ಸಾವಿರದ ಏಳುನೂರಕ್ಕೂ ಹೆಚ್ಚು. ಬದುಕಿದ್ದವರಿಗೆ ಮಾಡಲು ಕೆಲಸವಿರಲಿಲ್ಲ. ಊಟಕ್ಕೆ ಬಂದ ಮಾಂಸದ ಮೂಳೆಗಳನ್ನು ಬೇಯಿಸಿ, ಒಣಗಿಸಿ, ಸೀಳಿ, ಅದರ ಚೂರುಗಳಿಂದ ಅವರು ಯುದ್ಧನೌಕೆಗಳನ್ನು ಮಾಡಿದರು. ಜೈಲಿನ ಬಾಗಿಲ ಸಂತೆಯಲ್ಲಿ ಸುತ್ತಲಿನ ಇಂಗ್ಲಿಷರಿಗೇ ಮಾರಿದರು. ಇಂಗ್ಲಿಷರು ಕೊಳ್ಳಲೆಂದು ಇಂಗ್ಲಿಷ್ ಹಡಗಿನ ಹೆಸರನ್ನೇ ಕೆತ್ತಿದ್ದೂ ಉಂಟು. ದಾರ ಎಳೆದರೆ ಸಾಲು ಫಿರಂಗಿಗಳು ಒಳಗೆ ಸರಿಯುವ ಯಂತ್ರವನ್ನು ಎಷ್ಟೋ ಹಡಗುಗಳಿಗೆ ಇಟ್ಟಿದ್ದಾರೆ. ಪೀಟರ್‌ಬರೋ ಮ್ಯೂಸಿಯಮ್ಮಿನಲ್ಲಿ ನಾರ್ಮನ್ ಕ್ರಾಸಿನ ಕೈಕೆಲಸಗಳ ದೊಡ್ಡ ಸಂಗ್ರಹವೇ ಇದೆ.

ಅವರ ಬಳಿ ನಕ್ಷೆಯಿರಲಿಲ್ಲ. ನೆನಪಿನಿಂದ ಮಾಡಿದ್ದು. ಆದ್ದರಿಂದ ಅಳತೆ ತಪ್ಪಿದೆ, ಕಂಬಗಳು ಒಡಲಿಗೆ ಹೊಂದದಷ್ಟು ಎತ್ತರ. ಇಂದಿನ ಹವ್ಯಾಸಿ ಅದನ್ನು ನೋಡಿದರೆ ನೂರು ತಪ್ಪು ಹಿಡಿಯಬಹುದು. ನಾನು ಅವುಗಳ ಫೋಟೋಗಳನ್ನಷ್ಟೇ ನೋಡಿದ್ದೇನೆ. ಹಸಿದವನು ಚೀಪಿ ಬಿಟ್ಟ ಮೂಳೆಯಿಂದ ತನ್ನನ್ನು ಸೆರೆಗೆ ತಂದ ಯುದ್ಧದ ಹಡಗನ್ನು ಮಾಡಿ, ತನ್ನನ್ನು ಕಾಯುವವರ ಊರಿಗೇ ಮಾರಿದ್ದಾನೆ. ಡೆಕ್ಕಿನ ಮೇಲೆ ಒಬ್ಬ ಮನುಷ್ಯನೂ ಇಲ್ಲದಿದ್ದರೂ ಅವನು ಅದರಿಂದ ಹೊರಗೆ ಉಳಿದಿಲ್ಲ. ಪೆಟ್ಟಿಗೆಯಲ್ಲಿ ಬರುವ ಪ್ಲಾಸ್ಟಿಕ್ಕಿಗೆ ಆ ಭಾಗ್ಯವಿಲ್ಲ, ಆ ದೌರ್ಭಾಗ್ಯವೂ ಇಲ್ಲ.

ಮತ್ತೆ ಮಂಗಳೂರಿನ ಮಹಡಿಗೆ ಬರುತ್ತೇನೆ. ಯಮಾಟೊದ ಮೇಲಿನ ಅಟ್ಟಣೆಯಲ್ಲಿ ಜರ್ಮನಿಯ ಬಿಸ್ಮಾರ್ಕ್ ಇದೆ. 1941ರ ಮೇ 24ರಂದು ಬ್ರಿಟನ್ನಿನ ಹುಡ್ ಹಡಗನ್ನು ಅದು ಸಿಡಿಸಿದಾಗ ಹುಡ್‌ನಲ್ಲಿದ್ದ 1,418 ಜನರಲ್ಲಿ ಉಳಿದವರು ಮೂವರು. ಮೂರೇ ದಿನಗಳಲ್ಲಿ ಬಿಸ್ಮಾರ್ಕ್ ಕೂಡ ಮುಳುಗಿತು. ಎರಡು ಸಾವಿರಕ್ಕೂ ಹೆಚ್ಚು ಜನರೊಂದಿಗೆ. ಅದು ಬಾಲ್ಟಿಕ್ ಸಮುದ್ರದಲ್ಲಿದ್ದಾಗ ಡೆಕ್ಕಿನ ಮುಂದೆ ಹಿಂದೆ ನಾಜಿ ಸ್ವಸ್ತಿಕವನ್ನು ದೊಡ್ಡದಾಗಿ ಬರೆದಿದ್ದರು, ತಮ್ಮದೇ ವಿಮಾನಗಳಿಗೆ ಗುರುತು ಸಿಗಲೆಂದು. ಜರ್ಮನಿಯಲ್ಲಿ ಆ ಚಿಹ್ನೆಯ ಬಗ್ಗೆ ಕಟ್ಟುನಿಟ್ಟಿನ ಕಾನೂನಿದೆ. ಅಲ್ಲಿ ಮಾರುವ ಮಾದರಿಗಳ ಪೆಟ್ಟಿಗೆಯ ಚಿತ್ರದಲ್ಲಿ ಧ್ವಜದ ನಡುವಿನ ಬಿಳಿ ವೃತ್ತವನ್ನು ಖಾಲಿ ಬಿಡುವುದು ರೂಢಿ. ಇತಿಹಾಸಕ್ಕೆ ನಿಷ್ಠರಾಗಿ ಬರೆಯಬೇಕೋ, ಬಿಡಬೇಕೋ ಎಂಬ ಜಗಳ ಹವ್ಯಾಸಿಗಳ ನಡುವೆ ಇದ್ದೇ ಇದೆ. ಸಾಹೇಬರು ಬರೆದಿಲ್ಲ. "ಅಟ್ಲಾಂಟಿಕ್ಕಿನಲ್ಲಿ ಮುಳುಗುವಾಗ ಅದನ್ನು ಮುಚ್ಚಿದ್ದರು, ನನ್ನದು ಆ ದಿನದ ಹಡಗು" ಎಂದರು. ತಾರೀಖು ಆರಿಸಿಕೊಳ್ಳುವುದರಲ್ಲೂ ಮನುಷ್ಯನ ಆತ್ಮಸಾಕ್ಷಿ ಕೆಲಸ ಮಾಡುತ್ತದೆ.

ಮುಂದೆ ಯಾವುದು ಎಂದು ಕೇಳಿದೆ. "ಖುಕ್ರಿ" ಎಂದರು. ಕೆಲವು ವರ್ಷಗಳ ಹಿಂದೆ ಕುಟುಂಬದೊಂದಿಗೆ ದಿಯುಗೆ ಹೋಗಿದ್ದರಂತೆ. 1971ರ ಡಿಸೆಂಬರ್ 9ರ ರಾತ್ರಿ ಪಾಕಿಸ್ತಾನದ ಜಲಾಂತರ್ಗಾಮಿ ಹಂಗೋರ್ ನಮ್ಮ ಐಎನ್‌ಎಸ್ ಖುಕ್ರಿಯನ್ನು ಮುಳುಗಿಸಿದ್ದು ಆ ಕಡಲಿನಲ್ಲೇ. 18 ಅಧಿಕಾರಿಗಳು, 176 ನಾವಿಕರು ಹೋದರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗು ಬಿಟ್ಟು ಇಳಿಯದೆ ಅದರೊಂದಿಗೇ ಹೋದರು. ದಿಯುವಿನ ದಿಬ್ಬದ ಮೇಲಿನ ಸ್ಮಾರಕದಲ್ಲಿ ಇಟ್ಟಿರುವುದು ಆ ಹಡಗಿನ ಒಂದು ಪ್ರತಿಕೃತಿ, ಗಾಜಿನೊಳಗೆ, ಕಡಲಿಗೆ ಎದುರಾಗಿ. ಅದರ ಮುಂದೆ ನಿಂತು ಅತ್ತೆ ಎಂದು ಸಾಹೇಬರು ಸಂಕೋಚವಿಲ್ಲದೆ ಹೇಳಿದರು. ಖುಕ್ರಿಯ ಪ್ಲಾಸ್ಟಿಕ್ ಪೆಟ್ಟಿಗೆ ತಂದಿಲ್ಲ. ನಕ್ಷೆ ಹಿಡಿದು, ಹಾಳೆ ಕತ್ತರಿಸಿ ತಾವೇ ಕಟ್ಟಬೇಕೆಂದಿದ್ದಾರೆ.

ನಾನು ಸುಮ್ಮನಿರಬಹುದಿತ್ತು. "ಜೊತೆಗೆ ಖೈಬರನ್ನೂ ಮಾಡಿ" ಎಂದೆ.

ಖುಕ್ರಿ ಮುಳುಗುವುದಕ್ಕೆ ಐದು ದಿನ ಮೊದಲು, ಡಿಸೆಂಬರ್ 4ರ ರಾತ್ರಿ ನಮ್ಮ ಕ್ಷಿಪಣಿ ದೋಣಿಗಳು ಕರಾಚಿಯ ಮೇಲೆ ಹೋದಾಗ ಮುಳುಗಿಸಿದ ಪಾಕಿಸ್ತಾನದ ಹಡಗು ಅದು. ಅದರಲ್ಲಿ ಸತ್ತವರೂ ಇನ್ನೂರಕ್ಕೂ ಹೆಚ್ಚು. ವಿಚಿತ್ರವೆಂದರೆ ಖುಕ್ರಿ, ಖೈಬರ್ ಎರಡನ್ನೂ ಕಟ್ಟಿದ್ದು ಬ್ರಿಟನ್ನಿನಲ್ಲೇ. ಒಂದು ಕಾಲದ ಒಡೆಯನಿಂದ ಕೊಂಡ ಹಡಗುಗಳಲ್ಲಿ ಕುಳಿತು ಅವನು ಎಳೆದ ಗೆರೆಯ ಎರಡೂ ಕಡೆಯವರು ಸತ್ತರು.

ಸಾಹೇಬರು ಚಿಮಟ ಕೆಳಗಿಟ್ಟರು. "ನಿಮಗೆ ಹುಚ್ಚು ಮಾರಾಯ್ರೆ. ಬ್ಯಾರಿಯ ಮನೆಯಲ್ಲಿ ಪಾಕಿಸ್ತಾನದ ಹಡಗು! ನಾಳೆ ಯಾರಾದರೂ ಫೋಟೋ ತೆಗೆದು ಹಾಕಿದರೆ ನಾನು ಯಾರಿಗೆ ಉತ್ತರ ಹೇಳಲಿ? ಮಗನ ಕೆಲಸ ಏನಾಗಬೇಕು?"

ಅವರ ಮಾತು ಸರಿಯಾಗಿತ್ತು. ಅದು ಸರಿಯಾಗಿದೆ ಎಂಬುದೇ ನನ್ನನ್ನು ಚುಚ್ಚಿತು. ಅಟ್ಟಣೆಯ ಮೇಲೆ ಹಿಟ್ಲರನ ಹಡಗು ಹಾಯಾಗಿ ನಿಂತಿದೆ. ಬಂದವರು ಅದನ್ನು ನೋಡಿ ವಾಹ್ ಎನ್ನುತ್ತಾರೆ, ಎಷ್ಟು ತಾಳ್ಮೆ ಎನ್ನುತ್ತಾರೆ, ಯಾರೂ ಅವರನ್ನು ನಾಜಿ ಎಂದುಕೊಂಡಿಲ್ಲ. ಲಕ್ಷಾಂತರ ಜನರನ್ನು ಹೊಸಕಿದ ಸಾಮ್ರಾಜ್ಯದ ಯಮಾಟೊ ಇದೆ. ಅದೂ ಕಲೆ. ಆದರೆ ಖೈಬರ್ ಬಂದರೆ ಅದು ಕಲೆಯಾಗಿ ಉಳಿಯುವುದಿಲ್ಲ, ಸಾಕ್ಷ್ಯವಾಗುತ್ತದೆ. ಹಿಂದೂ ಗೆಳೆಯನೊಬ್ಬ ಮಾಡಿದ್ದರೆ? ಅವನಿಗೂ ನಾಲ್ಕು ಪ್ರಶ್ನೆಗಳು ಬರುತ್ತಿದ್ದವು. ಬೇರೆ ಥರದ ಪ್ರಶ್ನೆಗಳು. ಖಾಲಿ ಹಡಗು ನಮಗೆ ಇಷ್ಟೊಂದು ಚೆಂದ ಕಾಣುವುದಕ್ಕೆ ಅದು ದೂರದ್ದು ಎಂಬುದೂ ಕಾರಣವೇನೋ. ದೂರದ ಹಡಗಿನಿಂದ ಜನರನ್ನು ಸುಲಭವಾಗಿ ತೆಗೆಯಬಹುದು. ಹತ್ತಿರದ್ದರಿಂದ ತೆಗೆಯಲಾಗುವುದಿಲ್ಲ. ಅಲ್ಲಿಯೂ ನಮಗೆ ಮೊದಲು ಕಾಣುವುದು ಮನುಷ್ಯನಲ್ಲ, ಬಾವುಟ.

ನನ್ನ ಮನಸ್ಸನ್ನೂ ಸ್ವಲ್ಪ ಕೆದಕಿದೆ. ಖೈಬರಿನ ಮಾತನ್ನು ನಾನು ಯಾಕೆ ಎತ್ತಿದೆ? ನ್ಯಾಯದ ಕಾರಣಕ್ಕೋ, ಅಲ್ಲಿ ಸತ್ತವರ ಹೆಸರುಗಳು ನನ್ನ ಹೆಸರಿನಂತೆ ಇದ್ದಾವು ಎಂಬ ಕಾರಣಕ್ಕೋ? ಖುಕ್ರಿಯವರಿಗಾಗಿ ಅಳಲು ನನಗೆ ಯಾರ ಅಪ್ಪಣೆಯೂ ಬೇಡ. ಅವರು ನಮ್ಮವರು, ನನ್ನವರು. ಕಷ್ಟವಿರುವುದು ಇನ್ನೊಂದು ಕಡೆ. ಕರಾಚಿಯ ಕಡಲಿನಲ್ಲಿ ಮುಳುಗಿದ ಬಾಯ್ಲರ್ ಕೋಣೆಯ ಹುಡುಗನಿಗಾಗಿ, ಅವನು ಶತ್ರುವಿನ ಹಡಗಿನಲ್ಲಿದ್ದ ಎಂಬುದನ್ನೂ ಮರೆಯದೆ, ಅವನು ನನ್ನ ಕಲಿಮಾದವನು ಎಂಬುದನ್ನು ಕಾರಣ ಮಾಡಿಕೊಳ್ಳದೆ, ಬರೀ ಮುಳುಗಿದವನೆಂದು ಒಂದು ಕ್ಷಣ ನಿಲ್ಲಬಲ್ಲೆನೇ? ಹುಡ್‌ನ ಹುಡುಗನಿಗಾಗಿ ನಿಲ್ಲಬಲ್ಲೆ. ಬಿಸ್ಮಾರ್ಕಿನವನಿಗಾಗಿಯೂ ನಿಂತೇನು. ಇವನಿಗಾಗಿ ನಿಲ್ಲುವಾಗ ಆಚೀಚೆ ನೋಡುತ್ತೇನೆ. ಇದನ್ನು ಬರೆಯುವಾಗಲೂ ನೋಡಿದೆ.

ಮೊನ್ನೆ ಸಾಹೇಬರು ಫೋನ್ ಮಾಡಿದ್ದರು. ಖುಕ್ರಿಯ ಒಡಲು ಎದ್ದಿದೆಯಂತೆ. ಪಕ್ಕದಲ್ಲಿ ಇನ್ನೊಂದನ್ನೂ ಶುರು ಮಾಡಿದ್ದಾರೆ.

"ಯಾವುದು?"

"ಕಾಡಿಜ್. ಇಂಗ್ಲಿಷರ ಹಡಗು, 1946ರಲ್ಲಿ ನೌಕಾಪಡೆಗೆ ಸೇರಿದ್ದು."

ನನಗೆ ಹೆಸರು ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಎಚ್‌ಎಂಎಸ್ ಕಾಡಿಜ್ 1957ರಲ್ಲಿ ಪಾಕಿಸ್ತಾನಕ್ಕೆ ಹೋಯಿತು. ಅಲ್ಲಿ ಅದಕ್ಕಿಟ್ಟ ಹೆಸರು ಖೈಬರ್. ಅದೇ ಒಡಲು, ಅದೇ ಬಾಯ್ಲರುಗಳು.

"ಬಾವುಟ ಯಾವುದು ಹಚ್ಚುತ್ತೀರಿ ಸಾಹೇಬರೆ?"

"ಅದು ಎಲ್ಲ ಮುಗಿದ ಮೇಲೆ ಹಚ್ಚುವುದಲ್ಲವಾ ಮಾರಾಯ್ರೆ" ಎಂದರು. "ಇನ್ನೂ ಒಂದು ವರ್ಷದ ಕೆಲಸ ಉಂಟು."